ದಿನಾನ್ ಪಟ್ಟಣದಲ್ಲಿ ಒಂದು ದಿನ

ಫ್ರಾನ್ಸ್ ದೇಶದ ಭೂಪಟವನ್ನು ಬಿಚ್ಚಿ ನೋಡಿದರೆ ಪಶ್ಚಿಮದಲ್ಲಿ ಅಟ್ಲಾಂಟಿಕ್ ಸಾಗರದೊಳಕ್ಕೆ ಮೂಗು ಚಾಚಿಕೊಂಡಂತಿರುವ ಒಂದು ಪ್ರಾಂತ ಕಣ್ಣಿಗೆ ಬೀಳುತ್ತದೆ. ಅದೇ ಬ್ರಿಟನಿ. ಹೆಸರು ಕೇಳಿದೊಡನೆ ಇದು ಇಂಗ್ಲೀಷರ ಬ್ರಿಟನ್ ಎಂದು ಓದುಗರು ಭಾವಿಸಬಾರದು. ಹಾಗೆಂದು ಸಂಬಂಧವೇ ಇಲ್ಲವೆಂದೂ ಅಲ್ಲ. ಸುಮಾರು ಐದಾರನೆಯ ಶತಮಾನಗಳಲ್ಲಿ ಆ ದ್ವೀಪದಿಂದ ಕಡಲು ದಾಟಿ ಬಂದು ನೆಲೆನಿಂತ ಜನರಿಂದಲೇ ಈ ನೆಲಕ್ಕೆ ಈ ಹೆಸರು ಬಂದಿತು. ಊರು ಬಿಟ್ಟು ಬಂದವರು ತಮ್ಮ ಊರಿನ ಹೆಸರನ್ನು ಹೊತ್ತು ತಂದು ಹೊಸ ನೆಲಕ್ಕೆ ಇಟ್ಟರು.

ಈ ಪ್ರಾಂತದ ಮುಖ್ಯ ನಗರವಾದ ರೆನ್‌ನಲ್ಲಿ ನಮ್ಮ ಒಬ್ಬಳೇ ಮಗಳ ಸಂಸಾರವಿದೆ. ಅಳಿಯಂದಿರು ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಹನ್ನೊಂದು ವರ್ಷದ ಮೊಮ್ಮಗನೊಬ್ಬನಿದ್ದಾನೆ. 2023ರ ಮೇ ತಿಂಗಳಲ್ಲಿ ನಾವೂ ನಮ್ಮ ಮನೆಯವರೂ ಅಲ್ಲಿಗೆ ಹೋಗಿದ್ದೆವು. ಮಠದ ಪಾಠಶಾಲೆಯಲ್ಲಿ ಅಮರಕೋಶ ಬಾಯಿಪಾಠ ಮಾಡಿ ಬೆಳೆದ ನಾವು ಅರವತ್ತು ದಾಟಿದ ಮೇಲೆ ಮೊದಲ ಬಾರಿಗೆ ಕಡಲು ದಾಟಿದ್ದು ಹೀಗೆ. ಮೂರನೆಯ ವಾರದಲ್ಲಿ ಒಂದು ರಾತ್ರಿ ಪ್ರಸಾದವಾದ ಮೇಲೆ ಮಗಳು ತಲೆ ತಗ್ಗಿಸಿಕೊಂಡು ಒಂದು ಮಾತು ಹೇಳಿದಳು. ರೆನ್ ನಗರದ ಅಂಚಿನಲ್ಲಿ ಮನೆಯೊಂದನ್ನು ಕೊಂಡಿದ್ದಾರೆ. ಇನ್ನು ಅವರು ಊರಿಗೆ ಮರಳುವುದಿಲ್ಲ. ನಾವು ‘ಹೌದೇನು’ ಎಂದೆವು. ಅಷ್ಟೇ. ಮನೆ ಎಷ್ಟು ದೊಡ್ಡದು, ಎತ್ತ ಮುಖ, ಏನನ್ನೂ ಕೇಳದೆ ಎದ್ದು ಹೋಗಿ ಮಲಗಿದೆವು. ನಮ್ಮ ಹೊಲದ ಬದುವಿನಲ್ಲಿ ನಮ್ಮ ಅಜ್ಜ ಮತ್ತು ತಂದೆಯವರ ಸಮಾಧಿಗಳಿವೆ. ಅವುಗಳ ಪಕ್ಕದ ಬೇವಿನ ಮರದ ಕೆಳಗಿನ ಜಾಗ ನಮ್ಮದೆಂದು ನಾವು ಬಹಳ ಹಿಂದೆಯೇ ಮನಸ್ಸಿನಲ್ಲಿ ಗುರುತು ಮಾಡಿಕೊಂಡಿದ್ದೇವೆ. ನಮ್ಮ ತರುವಾಯ ಆ ಹೊಲ ಯಾರದು, ಅಲ್ಲಿ ದೀಪ ಹಚ್ಚುವವರು ಯಾರು ಎಂಬ ಚಿಂತೆಯಲ್ಲಿ ಆ ರಾತ್ರಿ ನಿದ್ರೆ ಹತ್ತಲಿಲ್ಲ.

ಮರುದಿನ ದಿನಾನ್ ಎಂಬ ಊರಿಗೆ ಹೋಗುವುದೆಂದು ಮೊದಲೇ ನಿಶ್ಚಯವಾಗಿತ್ತು. ಯಾರಿಗೂ ಉತ್ಸಾಹವಿರಲಿಲ್ಲ, ಮೊಮ್ಮಗನೊಬ್ಬನಿಗೆ ಹೊರತು. ಅವನ ಶಾಲೆಯವರು ಹಿಂದಿನ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದರು. ‘ಅಜ್ಜಾ, ನಾನು ಎಲ್ಲಾ ತೋರಸ್ತೀನಿ’ ಎಂದು ಬೆಳಿಗ್ಗೆಯೇ ಬೂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ.

ರೆನ್‌ನಿಂದ ವಾಯವ್ಯಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಹಸುರು ಹುಲ್ಲುಗಾವಲು, ಮೇಯುವ ದನ, ಅಲ್ಲಲ್ಲಿ ಕಲ್ಲಿನ ಮನೆಗಳು. ಊರು ಸಮೀಪಿಸುತ್ತಿದ್ದಂತೆ ಒಮ್ಮೆಲೆ ನೆಲ ಕುಸಿದು ಆಳವಾದ ಕಣಿವೆ ತೆರೆದುಕೊಂಡಿತು. ನಮ್ಮ ಕಾರು ಎತ್ತರದ ಕಮಾನು ಸೇತುವೆಯೊಂದರ ಮೇಲಿತ್ತು. 1846ರಲ್ಲಿ ಆರಂಭಿಸಿ 1852ರಲ್ಲಿ ಮುಗಿಸಿದ ಈ ಕಲ್ಲಿನ ಸೇತುವೆಯ ಉದ್ದ ಸುಮಾರು 250 ಮೀಟರ್, ಎತ್ತರ 40 ಮೀಟರ್. ಕೆಳಗೆ ರಾನ್ಸ್ ನದಿ ಕನ್ನಡಿಯಂತೆ ನಿಶ್ಚಲವಾಗಿ ಮಲಗಿತ್ತು. ಎದುರಿನ ಗುಡ್ಡದ ನೆತ್ತಿಯಲ್ಲಿ ಕಂದು ಬಣ್ಣದ ಕೋಟೆಗೋಡೆ, ಅದರ ಮೇಲೆ ಕಪ್ಪು ಕಲ್ಲುಹಲಗೆಯ ಛಾವಣಿಗಳು, ಅವುಗಳನ್ನೂ ಮೀರಿ ಎರಡು ಮೂರು ಗೋಪುರಗಳು. ನದಿಯಿಂದ ಊರಿಗೆ ಸುಮಾರು 75 ಮೀಟರ್ ಏರು. ಬ್ರಿಟನಿಯ ಹಳೆಯ ಭಾಷೆಯಲ್ಲಿ ‘ದಿನ್’ ಎಂದರೆ ಕೋಟೆ. ಹೆಸರಿನಲ್ಲಿಯೇ ಊರಿನ ಸ್ವರೂಪವಿದೆ.

ಈ ಗುಡ್ಡದ ಮೇಲೆ ಕಲ್ಲಿನ ಕೋಟೆ ಬರುವುದಕ್ಕೆ ಮೊದಲು ಮರದ ಕೋಟೆಯಿತ್ತು. ಅದರ ಚಿತ್ರ ಇಂದಿಗೂ ಉಳಿದಿರುವುದು ಒಂದು ವಿಶೇಷ. ನಾರ್ಮಂಡಿಯ ಬಾಯೂ ಎಂಬ ಊರಿನಲ್ಲಿ ಹನ್ನೊಂದನೆಯ ಶತಮಾನದ ಒಂದು ಉದ್ದನೆಯ ಬಟ್ಟೆಯುಂಟು. ಸುಮಾರು 70 ಮೀಟರ್ ಉದ್ದದ ಆ ನಾರುಬಟ್ಟೆಯ ಮೇಲೆ, 1066ರಲ್ಲಿ ನಾರ್ಮಂಡಿಯ ಅರಸು ವಿಲಿಯಂ ಇಂಗ್ಲೆಂಡನ್ನು ಗೆದ್ದ ಕಥೆಯನ್ನು ಉಣ್ಣೆದಾರದಲ್ಲಿ ಹೊಲಿದಿದ್ದಾರೆ. ಲೋಕವೆಲ್ಲ ಅದನ್ನು ನೇಯ್ದ ಬಟ್ಟೆಯೆಂದು ಕರೆಯುವುದಾದರೂ ನಮ್ಮ ಹೆಣ್ಣುಮಕ್ಕಳು ನೋಡಿದರೆ ಒಂದೇ ಕ್ಷಣದಲ್ಲಿ ಇದು ಕಸೂತಿಯೆಂದು ಹೇಳಿಬಿಟ್ಟಾರು! ಆ ಕಸೂತಿಯಲ್ಲಿ ದಿನಾನಿನ ದೃಶ್ಯವೂ ಇದೆ. ಮಣ್ಣಿನ ದಿಬ್ಬದ ಮೇಲೆ ಮರದ ಕೋಟೆ. ಕೆಳಗೆ ನಿಂತವರು ಪಂಜು ಹಿಡಿದು ಬೆಂಕಿ ಹಚ್ಚುತ್ತಿದ್ದಾರೆ. ಮೇಲಿನಿಂದ ಬ್ರಿಟನಿಯ ದೊರೆ ಕೋನಾನ್ ಭರ್ಚಿಯ ತುದಿಗೆ ಬೀಗದಕೈ ಸಿಕ್ಕಿಸಿ ಶತ್ರುವಿನತ್ತ ಚಾಚುತ್ತಿದ್ದಾನೆ. ಆ ಬೀಗದಕೈಯನ್ನು ಪಡೆಯುವವನೂ ತನ್ನ ಭರ್ಚಿಯ ತುದಿಯಲ್ಲಿಯೇ ಪಡೆಯುತ್ತಾನೆ. ಸೋತವನೂ ಗೆದ್ದವನೂ ಕೈಗೆ ಕೈ ತಾಗಿಸಲೊಲ್ಲರು.

ನಾವು ಮೊದಲು ಕೋಟೆಗೋಡೆಯನ್ನು ಹತ್ತಿದೆವು. ಹದಿಮೂರನೆಯ ಶತಮಾನದ ಕೊನೆಯ ಭಾಗದಿಂದ ಕಟ್ಟುತ್ತ, ಹದಿನೈದನೆಯ ಶತಮಾನದಲ್ಲಿ ಫಿರಂಗಿಯ ಹೊಡೆತ ತಡೆಯುವಂತೆ ದಪ್ಪಗೊಳಿಸುತ್ತ ಬಂದ ಗೋಡೆಯಿದು. ಸುತ್ತಳತೆ ಮೂರು ಕಿಲೋಮೀಟರಿಗೆ ಸ್ವಲ್ಪವೇ ಕಡಿಮೆ. ನಾಲ್ಕು ಅಗಸೆ ಬಾಗಿಲುಗಳು, ನಡುನಡುವೆ ದುಂಡನೆಯ ಬುರುಜುಗಳು. ಅದರ ಮೇಲೆ ಎಲ್ಲ ಕಡೆ ನಡೆಯಲು ಬಿಡುವುದಿಲ್ಲ, ಕೆಲವು ಭಾಗ ಮಾತ್ರ. ಗೋಡೆಗೆ ಒತ್ತಿದಂತೆ ಮನೆಗಳಿವೆ. ಕೋಟೆಯ ತೆನೆಗಳ ಸಂದಿಯಿಂದ ಬಗ್ಗಿದರೆ ಯಾರದೋ ಹಿತ್ತಲು, ಹಗ್ಗದ ಮೇಲೆ ಒಣಗಲು ಹಾಕಿದ ಅರಿವೆ, ಹೂವಿನ ಕುಂಡ. ಶತ್ರುವಿಗೆ ಬಾಣ ಬಿಡಲು ಮಾಡಿದ ಕಂಡಿಯಲ್ಲಿ ಬೆಕ್ಕೊಂದು ಬಿಸಿಲು ಕಾಯಿಸುತ್ತಿತ್ತು. ನಮ್ಮ ಮನೆಯವರು ಅದನ್ನು ನೋಡಿ ನಕ್ಕರು. ಆ ದಿನ ಅವರು ನಕ್ಕಿದ್ದು ಅದೇ ಮೊದಲು.

ಈ ಗೋಡೆ ಉಳಿದದ್ದಕ್ಕೆ ಕಾರಣವೇನು? ಯೂರೋಪಿನ ಎಷ್ಟೋ ಪಟ್ಟಣಗಳು ಕಾಲ ಬದಲಾದಾಗ ತಮ್ಮ ಗೋಡೆಗಳನ್ನು ಒಡೆದು ರಸ್ತೆ ಮಾಡಿಕೊಂಡವು. ಇಲ್ಲಿಯವರು ಬೇರೆ ದಾರಿ ಹಿಡಿದರು. ಇದೇ ಊರಿನಲ್ಲಿ 1704ರಲ್ಲಿ ಹುಟ್ಟಿದ ಶಾರ್ಲ್ ದ್ಯೂಕ್ಲೋ ಎಂಬ ಸಾಹಿತಿ ಪ್ಯಾರಿಸ್ಸಿಗೆ ಹೋಗಿ ದೊಡ್ಡ ಹೆಸರು ಮಾಡಿ, ಫ್ರೆಂಚ್ ಅಕಾಡೆಮಿಯ ಕಾರ್ಯದರ್ಶಿಯ ಪದವಿಗೇರಿದರು. ಅವರು 1744ರಿಂದ ಕೆಲವು ವರ್ಷ ತಮ್ಮ ಹುಟ್ಟೂರಿನ ಪೌರಾಧ್ಯಕ್ಷರೂ ಆಗಿದ್ದರು. ಗೋಡೆಯ ಹೊರಗಿನ ಕಂದಕದ ಜಾಗದಲ್ಲಿ ಸಾಲುಮರ ನೆಡಿಸಿ, ಜನ ಸಂಜೆಯಲ್ಲಿ ಅಡ್ಡಾಡುವ ಹಾದಿ ಮಾಡಿಸಿದವರು ಅವರು. ಯುದ್ಧಕ್ಕೆಂದು ತೋಡಿದ ಹಳ್ಳದಲ್ಲಿ ಇಂದು ಮುದುಕರು ಬೆಂಚಿನ ಮೇಲೆ ಕುಳಿತು ಪತ್ರಿಕೆ ಓದುತ್ತಾರೆ. ಇನ್ನೊಂದು ಕಾರಣ ಯಾರ ಕೈಯಲ್ಲಿಯೂ ಇರಲಿಲ್ಲವೆನ್ನಬೇಕು. ಇದೇ ನದಿಯ ಬಾಯಲ್ಲಿರುವ ಸೇಂಟ್ ಮಾಲೋ ಎಂಬ ಕೋಟೆಯ ಬಂದರು 1944ರ ಆಗಸ್ಟ್ ತಿಂಗಳಿನ ಯುದ್ಧದಲ್ಲಿ ಬಹುಪಾಲು ಸುಟ್ಟು ಬೂದಿಯಾಯಿತು. ಇಂದು ಅಲ್ಲಿ ಕಾಣುವುದು ಬಹುಮಟ್ಟಿಗೆ ಆಮೇಲೆ ಹಳೆಯ ಮಾದರಿಯಲ್ಲಿಯೇ ಮತ್ತೆ ಕಟ್ಟಿದ ಊರು. ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ದಿನಾನ್ ತನ್ನ ಹಳೆಯ ಮನೆಗಳನ್ನು ಉಳಿಸಿಕೊಂಡಿತು.

ಕೋಟೆಯ ದಕ್ಷಿಣ ಭಾಗದಲ್ಲಿ ಎರಡು ಬುರುಜುಗಳನ್ನು ಒಂದಕ್ಕೊಂದು ಅಂಟಿಸಿದಂತಿರುವ, ಮೂವತ್ತು ಮೀಟರಿಗೂ ಎತ್ತರವಾದ ಒಂದು ಮಹಾಗೋಪುರವಿದೆ. ನೆತ್ತಿಯಲ್ಲಿ ಮುಂದಕ್ಕೆ ಚಾಚಿದ ಕಲ್ಲಿನ ಅಂಚು. ಅದರ ರಂಧ್ರಗಳಿಂದ ಕೆಳಗಿನವರ ಮೇಲೆ ಕಲ್ಲು ಸುರಿಯುವ ವ್ಯವಸ್ಥೆ. 1380ರ ದಶಕದಲ್ಲಿ ನಾಲ್ಕನೆಯ ಜಾನ್ ಎಂಬ ಬ್ರಿಟನಿಯ ದೊರೆ ಇದನ್ನು ಕಟ್ಟಿಸಿದ. ನಾವು ಬಹಳ ಹೊತ್ತು ಇದನ್ನೇ ನೋಡುತ್ತ ನಿಂತೆವು. ಏಕೆಂದರೆ ಈ ಗೋಪುರ ಹೊರಗಿನ ಶತ್ರುವನ್ನು ಮಾತ್ರ ಕಾಯಲು ಕಟ್ಟಿದ್ದಲ್ಲ. ಊರಿನವರನ್ನೂ ಕಾಯಲು ಕಟ್ಟಿದ್ದು.

ಅದರ ಹಿನ್ನೆಲೆ ಹೀಗಿದೆ. 1341ರಲ್ಲಿ ಬ್ರಿಟನಿಯ ದೊರೆ ಮಕ್ಕಳಿಲ್ಲದೆ ತೀರಿಕೊಂಡ. ಪಟ್ಟಕ್ಕಾಗಿ ಎರಡು ಮನೆತನಗಳು ಹೊಡೆದಾಡಿದವು. ಒಂದಕ್ಕೆ ಇಂಗ್ಲೆಂಡಿನ ಅರಸನ ಬೆಂಬಲ, ಇನ್ನೊಂದಕ್ಕೆ ಫ್ರಾನ್ಸಿನ ಅರಸನ ಬೆಂಬಲ. ಇಪ್ಪತ್ತಮೂರು ವರ್ಷ ನಾಡು ಬೆಂದಿತು. ದಿನಾನಿನ ಜನ ಫ್ರಾನ್ಸಿನ ಕಡೆಯವರನ್ನು ಹಿಡಿದಿದ್ದರು. 1364ರಲ್ಲಿ ಓರೇ ಎಂಬಲ್ಲಿ ನಡೆದ ಕಾಳಗದಲ್ಲಿ ಗೆದ್ದವನು ಇಂಗ್ಲೀಷರ ಕಡೆಯ ಜಾನ್. ತನ್ನ ಪಕ್ಷ ಹಿಡಿಯದ ಊರನ್ನು ನಂಬುವುದು ಹೇಗೆ? ಆದ್ದರಿಂದ ಊರಿನ ಗೋಡೆಗೇ ತಗುಲಿಸಿ, ಊರಿನ ನೆತ್ತಿಯ ಮೇಲೆ ಕಣ್ಣಿಟ್ಟಂತೆ ಈ ಗೋಪುರವನ್ನು ಎತ್ತಿ ನಿಲ್ಲಿಸಿದ. ಕಾಯುವವನಿಗೆ ಕಾಯಲ್ಪಡುವವರ ಮೇಲೆಯೇ ಅನುಮಾನ!

ಸೋತ ಪಕ್ಷದಲ್ಲಿ ಹೋರಾಡಿದವರಲ್ಲಿ ಬರ್ಟ್ರಾಂಡ್ ದ್ಯು ಗೆಕ್ಲಾನ್ ಎಂಬ ವೀರನೊಬ್ಬನಿದ್ದ. ದಿನಾನಿನ ಹತ್ತಿರದ ಬ್ರೋನ್ಸ್ ಎಂಬ ಸೀಮೆಯಲ್ಲಿ 1320ರ ಸುಮಾರಿಗೆ ಹುಟ್ಟಿದವನು. ಸಣ್ಣ ಜಹಗೀರುದಾರರ ಮನೆತನ. ಕುಳ್ಳ, ಕುರೂಪಿ, ಒರಟು ಎಂದು ಅವನ ಕಾಲದವರೇ ಬರೆದಿದ್ದಾರೆ. ಇಂಗ್ಲೀಷರು ದಿನಾನಿಗೆ ಮುತ್ತಿಗೆ ಹಾಕಿದ್ದಾಗ, ಕದನವಿರಾಮದ ದಿನಗಳಲ್ಲಿ ಅವನ ತಮ್ಮ ನಿರಾಯುಧನಾಗಿ ಹೊರಬಂದಿದ್ದನಂತೆ. ಕ್ಯಾಂಟರ್‌ಬರಿಯ ಥಾಮಸ್ ಎಂಬ ಇಂಗ್ಲೀಷ್ ಸರದಾರ ಅವನನ್ನು ಹಿಡಿದು ಸೆರೆಯಲ್ಲಿಟ್ಟ. ಬರ್ಟ್ರಾಂಡ್ ಆ ಸರದಾರನನ್ನು ದ್ವಂದ್ವಯುದ್ಧಕ್ಕೆ ಕರೆದು ಊರ ನಡುವಿನ ಬಯಲಿನಲ್ಲಿ ಎಲ್ಲರೆದುರು ಮಣ್ಣು ಮುಕ್ಕಿಸಿದನೆಂದು ಹಳೆಯ ಬರಹಗಳು ಹೇಳುತ್ತವೆ. ಆ ಬಯಲು ಇಂದು ಕಾರು ನಿಲ್ಲಿಸುವ ತಾಣ. ನಾವೂ ಕಾರು ನಿಲ್ಲಿಸಿದ್ದು ಅಲ್ಲಿಯೇ. ಒಂದು ಬದಿಯಲ್ಲಿ 1902ರಲ್ಲಿ ನಿಲ್ಲಿಸಿದ, ಕುದುರೆಯೇರಿದ ಬರ್ಟ್ರಾಂಡನ ಪ್ರತಿಮೆ. ಗುರುವಾರಕ್ಕೊಮ್ಮೆ ಅಲ್ಲಿ ಸಂತೆ ನೆರೆಯುತ್ತದೆ. ಅಂದು ಗುರುವಾರವೇ ಆಗಿತ್ತು. ವೀರನ ಕುದುರೆಯ ಕಾಲಡಿಯಲ್ಲಿ ಒಬ್ಬಾಕೆ ಮೂಲಂಗಿ ಮಾರುತ್ತಿದ್ದಳು.

ಈ ಮನುಷ್ಯ ಮುಂದೆ ಫ್ರಾನ್ಸಿನ ಅರಸು ಐದನೆಯ ಚಾರ್ಲ್ಸನ ನೆಚ್ಚಿನ ಬಂಟನಾಗಿ, 1370ರಲ್ಲಿ ಇಡೀ ಫ್ರಾನ್ಸಿನ ಮಹಾದಂಡನಾಯಕನಾದ. ಇಂಗ್ಲೀಷರು ಹಿಡಿದಿದ್ದ ಸೀಮೆಗಳನ್ನು ಒಂದೊಂದಾಗಿ ಬಿಡಿಸಿದ. 1373ರಲ್ಲಿ ಫ್ರಾನ್ಸಿನ ದಂಡು ಕಟ್ಟಿಕೊಂಡು ತನ್ನ ಹುಟ್ಟುನಾಡಾದ ಬ್ರಿಟನಿಗೇ ಬಂದ. ದೊರೆ ಜಾನ್ ಇಂಗ್ಲೆಂಡಿಗೆ ಓಡಿದ. ಹೀಗಾಗಿ ಫ್ರಾನ್ಸಿನವರಿಗೆ ಇವನು ದೇಶಭಕ್ತ, ಬ್ರಿಟನಿಯ ಕೆಲವರಿಗೆ ದ್ರೋಹಿ. ಈ ಕಹಿ ಇಂದಿಗೂ ಪೂರ್ತಿ ಆರಿಲ್ಲವೆಂಬುದಕ್ಕೆ ಒಂದು ನಿದರ್ಶನ: ಅವನ ಹುಟ್ಟೂರಾದ ಬ್ರೋನ್ಸ್‌ನಲ್ಲಿದ್ದ ಪ್ರತಿಮೆಯನ್ನು 1977ರಲ್ಲಿ ಬ್ರಿಟನಿಯ ಸ್ವಾತಂತ್ರ್ಯವಾದಿಗಳು ಸ್ಫೋಟಿಸಿ ಕೆಡವಿದರು. ಸತ್ತು ಆರುನೂರು ವರ್ಷವಾಗುತ್ತ ಬಂದವನ ಮೇಲೆ ಇಂಥ ಸಿಟ್ಟು! ಹೊರಗೆ ಹೋಗಿ ದೊಡ್ಡವನಾದವನನ್ನು ಊರು ಅಷ್ಟು ಸುಲಭವಾಗಿ ಕ್ಷಮಿಸುವುದಿಲ್ಲವೆಂದು ತೋರುತ್ತದೆ.

ಇಷ್ಟನ್ನು ಮೊಮ್ಮಗ ಅರ್ಧ ಫ್ರೆಂಚಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳುತ್ತಿದ್ದ. ಮಗಳು ನಡುವೆ ತಿದ್ದುತ್ತಿದ್ದಳು. ಬಳಿಕ ಅವನು ನಮ್ಮ ಕೈ ಹಿಡಿದು ‘ಈಗ ಗುಂಡಿಗೆ ತೋರಸ್ತೀನಿ ಬರ್ರಿ ಅಜ್ಜಾ’ ಎಂದು ಎಳೆದುಕೊಂಡು ಹೊರಟ. ಯಾವ ಗುಂಡಿಗೆಯೆಂದು ನಮಗೆ ಅರ್ಥವಾಗಲಿಲ್ಲ.

ಕಲ್ಲುಹಾಸಿನ ಕಿರಿದಾದ ಬೀದಿಗಳು. ಎರಡೂ ಕಡೆ ಮರದ ತೊಲೆಗಳ ಚೌಕಟ್ಟಿಗೆ ಮಣ್ಣು ತುಂಬಿ ಕಟ್ಟಿದ ಹಳೆಯ ಮನೆಗಳು. ಕೆಲವು ಮನೆಗಳ ಮಾಳಿಗೆ ಬೀದಿಯ ಮೇಲಕ್ಕೆ ಚಾಚಿಕೊಂಡು ಮರದ ಕಂಬಗಳ ಮೇಲೆ ನಿಂತಿದೆ. ಕೆಳಗೆ ನಮ್ಮ ಕಡೆಯ ಕಟ್ಟೆಯಂಗಡಿಗಳಂತೆ ನೆರಳಿನಲ್ಲಿ ವ್ಯಾಪಾರ. ತೊಲೆಗಳು ಸೊಟ್ಟಗಾಗಿ ಇಡೀ ಮನೆಯೇ ಪಕ್ಕದ ಮನೆಯ ಹೆಗಲ ಮೇಲೆ ಒರಗಿದಂತಿದೆ. ಬೀದಿಯ ನಡುವೆ ಹದಿನೈದನೆಯ ಶತಮಾನದ ಗಡಿಯಾರದ ಗೋಪುರ. ಅದರ ದೊಡ್ಡ ಗಂಟೆಯನ್ನು 1507ರಲ್ಲಿ ದಾನ ಕೊಟ್ಟವಳು ಆನ್ ಎಂಬ ದೊರೆಸಾನಿ. ಬ್ರಿಟನಿಯ ಸ್ವತಂತ್ರ ಮನೆತನದ ಕೊನೆಯ ಕುಡಿ ಅವಳು. ತನ್ನ ನಾಡನ್ನು ಉಳಿಸಿಕೊಳ್ಳಲು ಒಬ್ಬರಾದ ಮೇಲೊಬ್ಬರಂತೆ ಫ್ರಾನ್ಸಿನ ಇಬ್ಬರು ಅರಸರನ್ನು ಮದುವೆಯಾಗಬೇಕಾಯಿತು. ಆದರೂ ನಾಡು ಉಳಿಯಲಿಲ್ಲ. ಅವಳು ತೀರಿದ ಹದಿನೆಂಟು ವರ್ಷಕ್ಕೆ, 1532ರಲ್ಲಿ, ಬ್ರಿಟನಿ ಫ್ರಾನ್ಸಿನಲ್ಲಿ ಲೀನವಾಯಿತು.

ಸೇಂಟ್ ಸೋವರ್ ಎಂಬ ಚರ್ಚು ಊರಿನ ಪೂರ್ವದ ಅಂಚಿನಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಆರಂಭವಾದ ಈ ಕಟ್ಟಡ ಇಂದಿಗೂ ಪೂರ್ತಿಯಾಗಿಲ್ಲವೆನ್ನಬಹುದು. ಒಳಗೆ ನಿಂತು ನೋಡಿದರೆ ಬಲಗಡೆ ಹಳೆಯ ಕಾಲದ ದಪ್ಪ ಗೋಡೆ, ಎಡಗಡೆ ಮೂರು ಶತಮಾನಗಳ ತರುವಾಯ ಎತ್ತಿದ ಚೂಪು ಕಮಾನುಗಳ ಸಾಲು. ಒಂದು ಪಕ್ಕ ಇನ್ನೊಂದು ಪಕ್ಕದಂತಿಲ್ಲ. ಹೊಸದನ್ನು ಆರಂಭಿಸಿದವರಿಗೆ ಹಣ ಸಾಲದೆ ಹಳೆಯ ಗೋಡೆಯನ್ನು ಹಾಗೆಯೇ ಬಿಟ್ಟರೋ ಏನೋ. ನಮ್ಮ ಕಣ್ಣಿಗಂತೂ ಈ ಅಸಮತೆಯೇ ಹಿಡಿಸಿತು. ಒಳಗೆ ತಂಪು, ಮೌನ, ಬಣ್ಣದ ಗಾಜಿನಿಂದ ಬೀಳುವ ಬೆಳಕು.

ಉತ್ತರದ ಮೂಲೆಯಲ್ಲಿ ಒಂದು ಹಳೆಯ ಕಲ್ಲಿನ ಮುಂದೆ ಹುಡುಗ ನಿಂತ. ‘ಅಜ್ಜಾ, ಇಲ್ಲಿ ಅವನ ಗುಂಡಿಗೆ ಮಾತ್ರ ಅದ’ ಎಂದ.

ಮಗಳು ವಿವರಿಸಿದಳು. 1380ರ ಜುಲೈ 13ರಂದು ಬರ್ಟ್ರಾಂಡ್ ದಕ್ಷಿಣ ಫ್ರಾನ್ಸಿನ ಬೆಟ್ಟದ ಸೀಮೆಯಲ್ಲಿ ಒಂದು ಕೋಟೆಗೆ ಮುತ್ತಿಗೆ ಹಾಕಿ ಕುಳಿತಿದ್ದಾಗ ಕಾಯಿಲೆಯಿಂದ ತೀರಿಕೊಂಡ. ತನ್ನನ್ನು ದಿನಾನಿನಲ್ಲಿ, ತನ್ನ ಹಿರಿಯರಿದ್ದ ಕಡೆ, ಜಾಕೊಬಿನ್ ಸಾಧುಗಳ ಆಶ್ರಮದ ಚರ್ಚಿನಲ್ಲಿ ಮಣ್ಣು ಮಾಡಬೇಕೆಂದು ಅವನು ಕೇಳಿಕೊಂಡಿದ್ದ. ಹೆಣವನ್ನು ಹೊತ್ತುಕೊಂಡು ಜನ ಉತ್ತರಕ್ಕೆ ಹೊರಟರು. ಸುಡುವ ಬೇಸಗೆ, ನೂರಾರು ಮೈಲಿಯ ದಾರಿ. ಮುಂದಿನದನ್ನು ಬರೆಯುವುದು ಕಷ್ಟ; ಓದುಗರು ಮನ್ನಿಸಬೇಕು. ಲ ಪ್ವಿ ಎಂಬ ಊರಿನಲ್ಲಿ ಕರುಳನ್ನು ತೆಗೆದು ಹೂಳಿದರು. ದೇಹ ಕೆಡತೊಡಗಿದ್ದರಿಂದ ಮಾಂಫೆರಾಂಡ್ ಎಂಬಲ್ಲಿ ಮಾಂಸವನ್ನೂ ಬೇರ್ಪಡಿಸಿ ಹೂಳಿದರು. ಉಳಿದ ಎಲುಬುಗಳು ಊರಿನತ್ತ ಸಾಗುತ್ತಿದ್ದಾಗ ದಾರಿಯಲ್ಲಿ ಅರಸನ ಕಡೆಯವರು ಬಂದು ಎದುರಾದರು. ಇಂಥ ವೀರನ ಅಸ್ಥಿ ಪ್ಯಾರಿಸ್ಸಿನ ಬಳಿಯ ಸೇಂಟ್ ಡೆನಿಸ್‌ನಲ್ಲಿ, ಫ್ರಾನ್ಸಿನ ಅರಸರ ಸಮಾಧಿಗಳ ನಡುವೆ ಇರತಕ್ಕದ್ದೆಂದು ಆಜ್ಞೆಯಾಗಿತ್ತು. ಎಲುಬು ಅತ್ತ ಹೋಯಿತು. ಒಬ್ಬ ಮನುಷ್ಯನಿಗೆ ನಾಲ್ಕು ಸಮಾಧಿ. ಕೇಳಿಕೊಂಡ ಊರಿಗೆ ಬಂದು ತಲುಪಿದ್ದು ಹೃದಯವೊಂದೇ.

ಕಲ್ಲಿನ ಮೇಲೆ ಹಳೆಯ ಫ್ರೆಂಚ್ ಅಕ್ಷರಗಳಲ್ಲಿ ಅವನ ಪದವಿಯನ್ನೂ ತೀರಿದ ದಿನವನ್ನೂ ಕೊರೆದು, ದೇಹವು ಸೇಂಟ್ ಡೆನಿಸ್‌ನಲ್ಲಿ ಅರಸರೊಂದಿಗೆ ವಿಶ್ರಮಿಸುತ್ತಿದೆ ಎಂಬರ್ಥದ ಮಾತನ್ನೂ ಸೇರಿಸಿದ್ದಾರೆ. ಆ ಮಾತು ಇಂದು ನಿಜವಲ್ಲ. 1793ರಲ್ಲಿ ಕ್ರಾಂತಿಯ ಜನ ಸೇಂಟ್ ಡೆನಿಸ್‌ನ ಸಮಾಧಿಗಳನ್ನು ಅಗೆದು ಅರಸರ ಎಲುಬುಗಳೊಂದಿಗೆ ಇವನವನ್ನೂ ಗುಂಡಿಗೆ ಸುರಿದರು. ದಿನಾನಿನ ಜಾಕೊಬಿನ್ ಆಶ್ರಮವೂ ಉಳಿಯಲಿಲ್ಲ. ಆ ಜಾಗದಲ್ಲಿ ಈಗ ನಾಟಕ ಮಂದಿರವಿದೆ. ಹೃದಯವನ್ನು ಮಾತ್ರ 1810ರಲ್ಲಿ ಈ ಚರ್ಚಿಗೆ ತಂದು ಇರಿಸಿದರು. ಅರಸನು ಮಹಾಗೌರವವೆಂದು ಕಸಿದುಕೊಂಡದ್ದು ಚದುರಿಹೋಯಿತು. ಊರಿನ ಪಾಲಿಗೆ ಬಂದ ಹಿಡಿಯಷ್ಟು ಮಾತ್ರ ಊರಿನಲ್ಲಿದೆ.

ನಾವು ಆ ಕಲ್ಲಿನ ಮುಂದೆ ಕುರ್ಚಿಯೊಂದರಲ್ಲಿ ಕುಳಿತೆವು. ಬಂದ ಪ್ರವಾಸಿಗಳು ಚಿತ್ರ ತೆಗೆದುಕೊಂಡು ಹೋಗುತ್ತಿದ್ದರು. ನಮ್ಮ ಮನಸ್ಸು ಬೇವಿನ ಮರದ ಕೆಳಗಿತ್ತು. ನಮ್ಮಲ್ಲಿ ಸುಡುವ ಪದ್ಧತಿಯಿಲ್ಲ, ಮಣ್ಣಿಗೆ ಇಡುತ್ತೇವೆ. ಆದ್ದರಿಂದ ‘ನಮ್ಮ ಜಾಗ’ ಎಂಬ ಹಟ ನಮಗೆ ತುಸು ಹೆಚ್ಚೇ ಇರಬಹುದು. ದೇಹ ಬಿದ್ದ ಮೇಲೆ ಬಯಲೇ ಎಂದು ನಾಲ್ಕು ಜನರಿಗೆ ಪುರಾಣ ಹೇಳಿದವರು ನಾವು. ಹೇಳುವುದು ಸುಲಭ. ಹಿಂದಿನ ರಾತ್ರಿ ಮಗಳ ಮಾತು ಕೇಳಿದಾಗ ನಮಗೆ ಮೊದಲು ನೆನಪಾದದ್ದು ಅವಳ ಸುಖವಲ್ಲ, ಅವಳ ಮಗನ ಓದಲ್ಲ. ಆ ಆರಡಿ ನೆಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಹುಡುಗ ಮೆಲ್ಲನೆ ಕೇಳಿದ: ‘ಅಜ್ಜಾ, ಅವನಿಗೆ ಸಿಟ್ಟು ಬಂದಿರಬೇಕಲ್ಲ?’

‘ಯಾರಿಗೋ?’

‘ಅವನಿಗೆ. ಇಲ್ಲೇ ಇಡ್ರಿ ಅಂತ ಹೇಳಿದ್ದ. ಯಾರೂ ಕೇಳಲಿಲ್ಲ.’

ನಮಗೆ ಉತ್ತರ ತೋಚಲಿಲ್ಲ. ಹತ್ತಿರದಲ್ಲಿ ನಿಂತಿದ್ದ ಮಗಳು ಮುಖ ತಿರುಗಿಸಿಕೊಂಡಳು.

ಹೊರಗೆ ಬಂದರೆ ಚರ್ಚಿನ ಬೆನ್ನಿಗೆ ಒಂದು ಉದ್ಯಾನ. ಹಿಂದೆ ಅದು ಸ್ಮಶಾನವಾಗಿತ್ತಂತೆ. ಈಗ ಅದಕ್ಕೆ ಇಂಗ್ಲೀಷರ ತೋಟವೆಂದು ಹೆಸರು. ಊರಿಗೆ ಮುತ್ತಿಗೆ ಹಾಕಿದವರ ಹೆಸರು ತೋಟಕ್ಕೇಕೆ ಎಂದು ನಮಗೆ ಸೋಜಿಗವೆನಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೀಷರು ಈ ಊರಿಗೆ ಮತ್ತೆ ಬಂದರು, ಕತ್ತಿ ಹಿಡಿದಲ್ಲ, ಪಿಂಚಣಿ ಹಿಡಿದುಕೊಂಡು. ಇಲ್ಲಿ ಜೀವನ ಅಗ್ಗವಾಗಿದ್ದುದರಿಂದ ನೂರಾರು ಇಂಗ್ಲೀಷ್ ಸಂಸಾರಗಳು ನೆಲೆಸಿದ್ದವು. 1902ರಿಂದ 1909ರವರೆಗೆ ನಮ್ಮ ದೇಶದ ಸೈನ್ಯಕ್ಕೆ ಸೇನಾಧಿಪತಿಯಾಗಿದ್ದ ಕಿಚನರ್ ಸಾಹೇಬನ ತಂದೆಯೂ ಹಾಗೆ ಬಂದು ದಿನಾನಿನಲ್ಲಿ ವಾಸವಾಗಿದ್ದವರಲ್ಲಿ ಒಬ್ಬರು. ತೋಟದ ಅಂಚಿನಲ್ಲಿ ಕೋಟೆಯ ಬುರುಜೊಂದಿದೆ. ಅಲ್ಲಿಂದ ಕೆಳಗೆ ನೋಡಿದರೆ ನದಿ, ಹಳೆಯ ಕಲ್ಲಿನ ಸೇತುವೆ, ದಡಕ್ಕೆ ಕಟ್ಟಿದ ದೋಣಿಗಳು, ಬಲಕ್ಕೆ ನಾವು ದಾಟಿ ಬಂದ ಕಮಾನು ಸೇತುವೆ. ಅಷ್ಟು ಎತ್ತರದ ಸೇತುವೆ ಮೇಲಿನಿಂದ ಆಟಿಗೆಯಂತೆ ಕಾಣುತ್ತದೆ.

ಮಧ್ಯಾಹ್ನ ಊಟಕ್ಕೆ ಇಲ್ಲಿಯ ಗಾಲೆಟ್ ಎಂಬ ತಿನಿಸನ್ನು ತೆಗೆದುಕೊಂಡೆವು. ನಮ್ಮ ತಾಯಂದಿರಿಗಾಗಿ ಎರಡು ಮಾತು. ಈ ಸೀಮೆಯ ನೆಲ ಗೋಧಿಗೆ ಅಷ್ಟು ಒಗ್ಗದು. ಆದ್ದರಿಂದ ಬಡವರ ಧಾನ್ಯವೆಂದು ಇವರು ಬೆಳೆದದ್ದು ಬಕ್‌ವೀಟ್. ಇವರು ಅದನ್ನು ಕಪ್ಪು ಗೋಧಿ ಎನ್ನುತ್ತಾರಾದರೂ ಅದು ಗೋಧಿಯ ಜಾತಿಯಲ್ಲವೇ ಅಲ್ಲ. ಅದರ ಹಿಟ್ಟಿಗೆ ನೀರು, ಉಪ್ಪು ಹಾಕಿ ಕಲಸಿಟ್ಟು, ಅಗಲವಾದ ಕಬ್ಬಿಣದ ಕಾವಲಿಯ ಮೇಲೆ ಮರದ ಸಣ್ಣ ಹಲಗೆಯಿಂದ ತೆಳ್ಳಗೆ ಎಳೆಯುತ್ತಾರೆ. ಥೇಟು ನಮ್ಮ ರಾಗಿ ದೋಸೆಯ ಬಣ್ಣ. ಮೊಟ್ಟೆ, ಮಾಂಸ ಬೇಡವೆಂದು ಮಗಳು ಎರಡೆರಡು ಸಲ ಹೇಳಿ, ಅಣಬೆ ಹಾಕಿಸಿ ತರಿಸಿದಳು. ನಮ್ಮ ಮನೆಯವರು ಒಂದು ತುತ್ತು ತಿಂದು ‘ಖಾರ ಒಂದ ಇಲ್ಲ, ಉಳಿದದ್ದೆಲ್ಲಾ ಬರೋಬರಿ ಅದ’ ಎಂದು ತೀರ್ಪು ಕೊಟ್ಟರು.

ಊಟವಾದ ಮೇಲೆ ನದಿಗಿಳಿಯುವ ಮಾತು ಬಂತು. ಊರಿನಿಂದ ಬಂದರಿಗೆ ಜೆರ್ಜುವಾಲ್ ಎಂಬ ಬೀದಿಯಿದೆ. ಉರುಟು ಕಲ್ಲುಗಳನ್ನು ಹಾಸಿದ, ಗೋಡೆಯಂತೆ ಇಳಿಜಾರಾದ ಬೀದಿ. ‘ಅಪ್ಪಾ, ನಿಮ್ಮ ಮೊಣಕಾಲಿಗೆ ಅದು ಆಗೂದಿಲ್ರಿ, ಕಾರಿನ್ಯಾಗ ಹೋಗೂಣು’ ಎಂದಳು ಮಗಳು. ನಾವು ಹಟ ಹಿಡಿದೆವು. ಇಳಿಯುವುದು ನಡೆದು, ಹತ್ತುವುದು ಕಾರಿನಲ್ಲಿ ಎಂದು ಒಪ್ಪಂದವಾಯಿತು.

ಎತ್ತರದ ಸೇತುವೆ ಬರುವವರೆಗೆ, ಅಂದರೆ 1852ರ ತನಕ, ನದಿ ದಾಟಿ ಬಂದವರು ಊರು ಸೇರಲು ಈ ಏರನ್ನೇ ಹತ್ತಬೇಕಾಗಿತ್ತು. ಕುದುರೆ, ಗಾಡಿ, ಹೊರೆಯಾಳು ಎಲ್ಲರೂ. ಸಮುದ್ರದ ಭರತ ಬಂದಾಗ ಅದರೊಂದಿಗೆ ಹಡಗುಗಳು ಸೇಂಟ್ ಮಾಲೋದಿಂದ ನದಿಯಲ್ಲಿ ಮೇಲೇರಿ ಇಲ್ಲಿಯವರೆಗೆ ಬರುತ್ತಿದ್ದವು. ಬೀದಿಯ ಎರಡೂ ಕಡೆ ನೇಕಾರರು, ಚರ್ಮ ಹದಮಾಡುವವರು, ವ್ಯಾಪಾರಿಗಳು. ಇಲ್ಲಿ ನೇಯ್ದ ಗಟ್ಟಿ ನಾರುಬಟ್ಟೆ ಸೇಂಟ್ ಮಾಲೋದ ಹಡಗುಗಳಿಗೆ ಹಾಯಿಯಾಗುತ್ತಿತ್ತು. ಆ ಬಂದರಿನವರು ನಮ್ಮ ದೇಶಕ್ಕೂ ಅಪರಿಚಿತರಲ್ಲ. 1746ರಲ್ಲಿ ಇಂಗ್ಲೀಷರಿಂದ ಮದರಾಸನ್ನು ಗೆದ್ದುಕೊಂಡ ಲಾ ಬೂರ್ದೊನೆ ಅಲ್ಲಿಯೇ ಹುಟ್ಟಿದವನು. ಈಗ ಜೆರ್ಜುವಾಲಿನಲ್ಲಿ ನೇಕಾರರಿಲ್ಲ. ಗಾಜು ಊದುವವರು, ಚಿತ್ರ ಬರೆಯುವವರು, ಪ್ರವಾಸಿಗಳಿಗೆ ಒಡವೆ ಮಾರುವವರು ಇದ್ದಾರೆ. 1983ರಿಂದ ಎರಡು ವರ್ಷಕ್ಕೊಮ್ಮೆ ಜುಲೈ ತಿಂಗಳಲ್ಲಿ ಕೋಟೆಯ ಹಬ್ಬವೆಂದು ನಡೆಸುತ್ತಾರೆ. ಊರಿನವರೆಲ್ಲ ಹಳೆಯ ಕಾಲದ ಉಡುಪು ತೊಟ್ಟು ನೇಕಾರ, ಕಮ್ಮಾರ, ಸರದಾರರಾಗುತ್ತಾರಂತೆ. ಕೆಲಸ ಹೋದ ಮೇಲೆ ವೇಷ ಉಳಿಯುತ್ತದೆ. ನಮಗೆ ಇದರಲ್ಲಿ ಅಷ್ಟು ರುಚಿಯಿಲ್ಲ; ಮೊಮ್ಮಗನಿಗೆ ಮಾತ್ರ ಅದನ್ನು ನೋಡುವ ಹಂಬಲ.

ಅರ್ಧ ಇಳಿಯುವಷ್ಟರಲ್ಲಿ ಮೊಣಕಾಲು ಮಾತಾಡತೊಡಗಿತು. ಮಗಳು ಏನೂ ಹೇಳದೆ ಬಂದು ತೋಳು ಹಿಡಿದಳು. ಚಿಕ್ಕವಳಿದ್ದಾಗ ಜಾತ್ರೆಯ ಜನಜಂಗುಳಿಯಲ್ಲಿ ನಮ್ಮ ಧೋತರದ ಚುಂಗನ್ನು ಹಿಡಿದು ನಡೆಯುತ್ತಿದ್ದಳು.

ನದಿಯ ದಡ ತಲುಪಿದಾಗ ಮೂರೂವರೆ ಗಂಟೆ. ಅಳಿಯಂದಿರೂ ಮೊಮ್ಮಗನೂ ಕಾರು ತರಲೆಂದು ಅದೇ ಏರನ್ನು ಮತ್ತೆ ಹತ್ತಿ ಹೋದರು. ನಾವು ಮೂವರು ಹಳೆಯ ಸೇತುವೆಯ ಬಳಿ ಬೆಂಚಿನ ಮೇಲೆ ಕುಳಿತೆವು. ನದಿಯಲ್ಲಿ ಅಲೆಯಿಲ್ಲ. ಕೆಳಗಡೆ ನೀರುಬಾಗಿಲು ಕಟ್ಟಿ ಇಲ್ಲಿಯ ನೀರಿನ ಮಟ್ಟವನ್ನು ಹಿಡಿದಿಟ್ಟಿದ್ದಾರೆ. ಇನ್ನೂ ಮುಂದೆ, ನದಿ ಕಡಲು ಸೇರುವಲ್ಲಿ ಒಡ್ಡು ಹಾಕಿ, ಸಮುದ್ರದ ಉಬ್ಬರ ಇಳಿತದಿಂದಲೇ ವಿದ್ಯುತ್ತು ತೆಗೆಯುವ 240 ಮೆಗಾವಾಟಿನ ಸ್ಥಾವರವನ್ನು 1966ರಲ್ಲಿ ಆರಂಭಿಸಿದ್ದಾರೆ. ಮೇಲೆ ಬಹಳ ಎತ್ತರದಲ್ಲಿ ಕೋಟೆಗೋಡೆ, ಚರ್ಚಿನ ಶಿಖರ. ಬೆಳಿಗ್ಗೆ ನಾವು ಅಲ್ಲಿ ನಿಂತು ಇಲ್ಲಿಗೆ ನೋಡಿದ್ದೆವು.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಬಾತುಕೋಳಿಗಳೆರಡು ದಡಕ್ಕೆ ಬಂದು, ತಿನ್ನಲು ಏನೂ ಸಿಗಲಿಲ್ಲವೆಂದು ಹಿಂದಿರುಗಿದವು.

‘ಹೊಸ ಮನೆಗೆ ಹಿತ್ತಲ ಅದ ಏನವಾ?’ ಎಂದು ಕೇಳಿದೆವು.

ಮಗಳು ನಮ್ಮ ಮುಖ ನೋಡಿದಳು. ‘ಅದರಿ ಅಪ್ಪಾ. ಸಣ್ಣದು.’

‘ಬಿಸಿಲು ಬೀಳತದ?’

‘ಮಧ್ಯಾಹ್ನದ ಮ್ಯಾಲೆ ಬೀಳತದರಿ.’

‘ಹಂಗಾರ ಮೆಂತ್ಯೆ ಹಾಕು ಮೊದಲ’ ಎಂದರು ನಮ್ಮ ಮನೆಯವರು, ‘ಎಂಟ ದಿನದಾಗ ಬರತದ.’ ಯಾವ ಗೋಡೆಯ ಪಕ್ಕ, ಎಷ್ಟು ಅಗಲದ ಮಡಿ, ಚಳಿಗೆ ತಾಳುತ್ತದೆಯೇ ಇಲ್ಲವೇ ಎಂದು ತಾಯಿ ಮಗಳು ಮಾತಿಗೆ ತೊಡಗಿದರು. ನಾವು ಕೇಳುತ್ತ ಕುಳಿತೆವು. ಅಷ್ಟರಲ್ಲಿ ಸೇತುವೆಯ ಆಚೆ ತಿರುವಿನಲ್ಲಿ ನಮ್ಮ ಕಾರು ಕಾಣಿಸಿತು. ಕಿಟಕಿಯಿಂದ ಹುಡುಗ ಕೈ ಬೀಸುತ್ತಿದ್ದ.